ಕೆಲಸ ಬಿಡದೆ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಎಂ.ಎ.: ಫೀಸು ಕಟ್ಟುವ ಮುಂಚೆ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಬಿ.ಎ., ಬಿ.ಎಡ್. ಆಗಿದೆ. ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಎಂ.ಎ. ಮಾಡಬೇಕೆಂದಿದ್ದೇನೆ. ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಮುಂದೆ ಶಾಲೆಯಲ್ಲಿ ಆಪ್ತಸಮಾಲೋಚಕಿ ಆಗಬಹುದೇ?

ಮೇಡಂ, ವಿಶ್ವವಿದ್ಯಾಲಯದ ಮಾತು ಆಮೇಲೆ. ನೀವು ಹುಡುಕುತ್ತಿರುವ ಬಾಗಿಲೇ ಸದ್ಯಕ್ಕೆ ಮುಚ್ಚಿದೆ. 2025ರ ಜುಲೈ-ಆಗಸ್ಟ್ ಪ್ರವೇಶಾತಿಯಿಂದ ಮನೋವಿಜ್ಞಾನದ ಪದವಿಗಳಿಗೆ ಆನ್‌ಲೈನ್‌ನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಹೊಸಬರನ್ನು ಸೇರಿಸಿಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಎಲ್ಲ ವಿಶ್ವವಿದ್ಯಾಲಯಗಳಿಗೂ ಹೇಳಿದೆ. ಆರೋಗ್ಯ ಮತ್ತು ಅದರ ಪೂರಕ ವೃತ್ತಿಗಳಿಗೆಂದು 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಮನೋವಿಜ್ಞಾನವೂ ಸೇರಿರುವುದೇ ಇದಕ್ಕೆ ಕಾರಣ. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣ ವಿಜ್ಞಾನಗಳಿಗೂ ಇದೇ ಗತಿ. ಅದಕ್ಕೂ ಮೊದಲು ಸೇರಿದವರು ಓದು ಮುಗಿಸಿಕೊಳ್ಳಬಹುದು. ನಿಮ್ಮ ಪರಿಚಯದವರು ಯಾರೋ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ) ಸೈಕಾಲಜಿ ಎಂ.ಎ. ಓದುತ್ತಿದ್ದಾರೆ ಎಂದು ನೀವೂ ಹೊರಡಬೇಡಿ, ಅವರ ಬ್ಯಾಚ್ ಬೇರೆ.

ಇಷ್ಟಾದರೂ ‘ಸೀಟು ಇನ್ನು ನಾಲ್ಕೇ ಉಳಿದಿದೆ ಮೇಡಂ’ ಎನ್ನುವ ಫೋನುಗಳು ನಿಲ್ಲುವುದಿಲ್ಲ. ಎದುರು ಮಾತಾಡುತ್ತಿರುವವರು ಬಹುಪಾಲು ಏಜೆಂಟರು, ವಿಶ್ವವಿದ್ಯಾಲಯದವರಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗಕ್ಕೆ, ಅಂದರೆ ಡಿಇಬಿಗೆ, ತನ್ನದೇ ಪೋರ್ಟಲ್ ಇದೆ. ಅಲ್ಲಿ ವಿಶ್ವವಿದ್ಯಾಲಯದ ಹೆಸರು ಕಂಡಿತೆಂದು ಸಮಾಧಾನಪಡಬೇಡಿ, ನಿಮ್ಮ ಕೋರ್ಸಿನ ಹೆಸರು ಆ ಸಾಲಿನ ಪಟ್ಟಿಯಲ್ಲಿದೆಯೇ ನೋಡಿ. ಮಾನ್ಯತೆ ಕೊಡುವುದು ಕೋರ್ಸಿಗೆ, ಅದೂ ಇಂತಿಷ್ಟು ವರ್ಷಕ್ಕೆಂದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013-14ರಿಂದ ಮಾನ್ಯತೆ ತಪ್ಪಿ 2018-19ಕ್ಕೆ ಮರಳಿ ಬಂದದ್ದು ನಮ್ಮ ರಾಜ್ಯದ ಶಿಕ್ಷಕರಿಗೆ ಮರೆಯುವ ವಿಷಯವಲ್ಲ. ನಡುವೆ ಸೇರಿದವರು ಕೈಯಲ್ಲಿ ಅಂಕಪಟ್ಟಿ ಹಿಡಿದುಕೊಂಡು ವರ್ಷಗಟ್ಟಲೆ ಕಾಯಬೇಕಾಯಿತು.

ಹಾಗಾದರೆ ನಿಮಗೆ ಉಳಿದ ದಾರಿ ಯಾವುದು? ನನ್ನ ಪ್ರಕಾರ ಶಿಕ್ಷಣಶಾಸ್ತ್ರದಲ್ಲಿ ಎಂ.ಎ., ಅಂದರೆ ಎಂ.ಎ. ಎಜುಕೇಷನ್. ಇದು ಎರಡನೇ ದರ್ಜೆಯ ಆಯ್ಕೆ ಎಂದುಕೊಳ್ಳಬೇಡಿ. ಮಕ್ಕಳು ಹೇಗೆ ಕಲಿಯುತ್ತಾರೆ, ಕಲಿತದ್ದು ಯಾಕೆ ಮರೆಯುತ್ತದೆ, ಹದಿಹರೆಯದಲ್ಲಿ ಏನಾಗುತ್ತದೆ ಎಂಬುದೆಲ್ಲ ಅಲ್ಲಿಯೂ ಕೋರ್ ಪತ್ರಿಕೆಯೇ. ಇಗ್ನೋದಲ್ಲಿ ಇದಕ್ಕೆ ‘ಲರ್ನಿಂಗ್, ಲರ್ನರ್ ಅಂಡ್ ಡೆವಲಪ್‌ಮೆಂಟ್’ ಎಂಬ ಪತ್ರಿಕೆಯಿದೆ, ಕೋಡ್ ಎಂಇಎಸ್ 013. ಜೊತೆಗೆ ಸಂಶೋಧನಾ ವಿಧಾನದ ಪತ್ರಿಕೆ, ಕೊನೆಗೆ ನೀವೇ ಸಂಶೋಧನೆ ಮಾಡಿ ಬರೆಯುವ ಪ್ರಬಂಧ (ಡಿಸರ್ಟೇಷನ್). ಯಾವ ವಿಷಯದ ಪದವಿ ಇದ್ದರೂ ಸೇರಬಹುದು. ಕನಿಷ್ಠ 2 ವರ್ಷ, ಗರಿಷ್ಠ 4. ಮಾಧ್ಯಮ ಇಂಗ್ಲಿಷ್ ಇಲ್ಲವೇ ಹಿಂದಿ, ಕನ್ನಡದಲ್ಲಿ ಬರೆಯಲಾಗದು. ಕರ್ನಾಟಕದ ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ.

ಮಾನ್ಯತೆ ಇರುವ ಕಡೆ ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಪಡೆದ ಪದವಿಯನ್ನು ರೆಗ್ಯುಲರ್ ಪದವಿಗೆ ಸಮ ಎಂದೇ ಕಾಣಬೇಕೆಂದು ಯುಜಿಸಿಯ 2020ರ ನಿಯಮಾವಳಿ ಹೇಳುತ್ತದೆ. ಇನ್ನೊಂದು ಲಾಭವೂ ಇದೆ. ಬಿ.ಎಡ್. ಕಾಲೇಜಿನ ಬೋಧಕರಾಗಲು ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮದಲ್ಲಿ ಶಿಕ್ಷಣಶಾಸ್ತ್ರದ ಎಂ.ಎ. ಮತ್ತು ಬಿ.ಎಡ್. ಎಂಬ ಜೋಡಿಗೂ ಜಾಗವಿದೆ, ಆದರೆ ಎರಡರಲ್ಲೂ ಶೇ. 55 ಇರಬೇಕು. ಅದಕ್ಕೇ, ಬರೀ ಪಾಸಾದರೆ ಸಾಕು ಎಂದುಕೊಂಡು ಅಸೈನ್‌ಮೆಂಟ್‌ಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಯು ಉಪನ್ಯಾಸಕ ಬಡ್ತಿಯ ಮೇಲೆ ಕಣ್ಣಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಯಾವ ವಿಷಯದ ಎಂ.ಎ. ಎಣಿಕೆಗೆ ಬರುತ್ತದೆ ಎಂಬುದನ್ನು ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಓದಿಕೊಂಡ ಮೇಲೆಯೇ ಮುಂದುವರಿಯಿರಿ.

ಕಾಗದಪತ್ರಗಳ ಕಥೆಗೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ನೀವು ಸರ್ಕಾರಿ ನೌಕರರಾದ್ದರಿಂದ ಉನ್ನತ ವ್ಯಾಸಂಗಕ್ಕೆ ಇಲಾಖೆಯ ಪೂರ್ವಾನುಮತಿ ಬೇಕು. ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಮನವಿ ಕೊಡಿ, ಕೋರ್ಸು, ವಿಶ್ವವಿದ್ಯಾಲಯ, ಅವಧಿ ಬರೆಯಿರಿ, ಶಾಲಾ ಸಮಯಕ್ಕೆ ಅಡ್ಡಿಯಾಗದಂತೆ ಓದುತ್ತೇನೆ ಎಂಬ ಮುಚ್ಚಳಿಕೆ ಸೇರಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡ ನಕಲನ್ನು ಮನೆಯಲ್ಲಿಡಿ. ಅನುಮತಿ ಬರುವ ಮೊದಲೇ ಸೇರಿಬಿಟ್ಟರೆ ಪದವಿಯೇನೋ ಸಿಗುತ್ತದೆ, ಆದರೆ ಸೇವಾ ವಹಿಯಲ್ಲಿ ನಮೂದು ಮಾಡಿಸುವಾಗ ‘ಅನುಮತಿ ಪತ್ರ ಎಲ್ಲಿ?’ ಎಂಬ ಪ್ರಶ್ನೆ ಏಳುತ್ತದೆ. ಆಗ ಹಿಂದಿನ ದಿನಾಂಕಕ್ಕೆ ಯಾರೂ ಸಹಿ ಹಾಕಿಕೊಡುವುದಿಲ್ಲ.

ಎರಡನೆಯದು ಡಿಇಬಿ ಐಡಿ, ಅಂದರೆ ಡಿಇಬಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗೆ ಸಿಗುವ ಗುರುತಿನ ಸಂಖ್ಯೆ. 2024ರ ಸೆಪ್ಟೆಂಬರ್‌ನಿಂದೀಚೆಗೆ ದೂರಶಿಕ್ಷಣಕ್ಕೂ ಆನ್‌ಲೈನ್‌ಗೂ ಇದು ಕಡ್ಡಾಯ. ಮೊದಲು ಡಿಜಿಲಾಕರ್ ಮೂಲಕ 12 ಅಂಕಿಯ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಮಾಡಿಕೊಳ್ಳಬೇಕು, ಅದನ್ನು ಆಧರಿಸಿ ಡಿಇಬಿ ಐಡಿ. ಕೇಳಲು ಹತ್ತು ನಿಮಿಷದ ಕೆಲಸ. ತೊಡಕು ನಮ್ಮ ಇನಿಷಿಯಲ್‌ಗಳದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ‘ಸವಿತಾ ಎಚ್. ಎಂ.’, ಆಧಾರ್‌ನಲ್ಲಿ ‘ಸವಿತಾ ಮಂಜುನಾಥ್’, ಬಿ.ಎಡ್. ಪ್ರಮಾಣಪತ್ರದಲ್ಲಿ ‘ಎಚ್. ಎಂ. ಸವಿತ’ ಎಂದಿದ್ದರೆ ಗಣಕಕ್ಕೆ ಅವರು ಮೂರು ಜನ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರು ಬದಲಿಸಿಕೊಂಡವರಿಗಂತೂ ಇದು ಇದ್ದದ್ದೇ. ಪ್ರವೇಶದ ಕೊನೆಯ ವಾರದಲ್ಲಿ ಆಧಾರ್ ಕೇಂದ್ರದ ಮುಂದೆ ನಿಲ್ಲುವ ಬದಲು ಎರಡು ತಿಂಗಳು ಮೊದಲೇ ಸರಿಮಾಡಿಸಿ. ಎಸೆಸೆಲ್ಸಿಯಲ್ಲಿ ಇರುವಂತೆಯೇ ಉಳಿದೆಲ್ಲವನ್ನೂ ಹೊಂದಿಸುವುದು ಸುಲಭ.

ಸಮಯದ ಲೆಕ್ಕ ಹೀಗಿದೆ. ಇಗ್ನೋದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆಯ ಓದು. ವರ್ಷಕ್ಕೆ 32 ಕ್ರೆಡಿಟ್ ಹಿಡಿದರೆ 960 ಗಂಟೆ, ವಾರಕ್ಕೆ ಸುಮಾರು 18. ಶಾಲೆ, ಮನೆ, ಗಣತಿ, ಚುನಾವಣಾ ಕೆಲಸಗಳ ನಡುವೆ ಅಷ್ಟು ಸಿಗುವುದಿಲ್ಲ. ಬೆಳಿಗ್ಗೆ ಒಂದು ಗಂಟೆ, ಭಾನುವಾರ ಮೂರು ಗಂಟೆ ಗಟ್ಟಿಯಾಗಿ ಹಿಡಿದರೆ ವಾರಕ್ಕೆ 9 ಆಗುತ್ತದೆ. ಅದು ಲೆಕ್ಕದ ಅರ್ಧವಷ್ಟೇ, ಆದರೂ ತೊಡಗಿಸಿಕೊಂಡು ಓದುವವರಿಗೆ ಸಾಲುತ್ತದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ಗೆ. ಜೂನ್ ಅಂದರೆ ನಮ್ಮಲ್ಲಿ ಶಾಲೆ ಆಗಷ್ಟೇ ತೆರೆದು ದಾಖಲಾತಿ, ಪಠ್ಯಪುಸ್ತಕ ವಿತರಣೆಯ ಗದ್ದಲ. ಹಾಗಾಗಿ ಏಪ್ರಿಲ್-ಮೇ ರಜೆಯಲ್ಲೇ ಓದು ಮುಗಿಸಿಡಿ, ಎಲ್ಲ ಪತ್ರಿಕೆಯನ್ನೂ ಒಂದೇ ಸಲ ಬರೆಯಲು ಹೋಗಬೇಡಿ. ಭಾಗ ಮಾಡಿಕೊಂಡು ಬರೆಯಲು ಅವಕಾಶವಿದೆ. ಆದರೆ ಎರಡನೇ ವರ್ಷದ ಮರುನೋಂದಣಿಯನ್ನು ಮಾತ್ರ ತಪ್ಪಿಸಬೇಡಿ. ಮೊದಲ ವರ್ಷ ಪಾಸಾದ ಮೇಲೆ ಮಾಡಿಸಿದರಾಯಿತು ಎಂದುಕೊಂಡವರು ಸುಮ್ಮನೆ ಆರು ತಿಂಗಳೋ ವರ್ಷವೋ ಕಳೆದುಕೊಳ್ಳುತ್ತಾರೆ. ಪಾಸಿಗೂ ಅದಕ್ಕೂ ಸಂಬಂಧವಿಲ್ಲ.

ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ವಾಟ್ಸಾಪ್‌ನಲ್ಲಿ ಮಾರುವ ರೆಡಿಮೇಡ್ ಉತ್ತರ ತಂದು ನಕಲು ಮಾಡಿದರೆ ಅದೇ ಉತ್ತರ ಮೌಲ್ಯಮಾಪಕರ ಮುಂದೆ ಇಪ್ಪತ್ತು ಸಲ ಬಂದಿರುತ್ತದೆ. ನಿಮ್ಮ ತರಗತಿಯ ಒಂದು ಉದಾಹರಣೆ ಸೇರಿಸಿದರೂ ಸಾಕು, ಉತ್ತರದ ಬಣ್ಣ ಬದಲಾಗುತ್ತದೆ. ಕೊಡುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದುಕೊಂಡು ರಸೀದಿಯ ಜೊತೆ ಇಡಿ. ಅಂಕ ಗ್ರೇಡ್ ಕಾರ್ಡಿಗೆ ಏರದಿದ್ದರೆ ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ.

ಈಗ ಪ್ರಬಂಧ. ಕೆಲಸದಲ್ಲಿರುವ ಶಿಕ್ಷಕರಿಗೆ ಇಡೀ ಪದವಿಯ ತಿರುಳು ಇದೇ, ಅರ್ಧಕ್ಕೆ ನಿಲ್ಲುವುದೂ ಇಲ್ಲಿಯೇ. ‘ಗ್ರಾಮೀಣ ವಿದ್ಯಾರ್ಥಿಗಳ ಕಲಿಕಾ ಸಮಸ್ಯೆಗಳು’ ಎಂಬಂಥ ಅಗಲವಾದ ವಿಷಯ ಹಿಡಿದವರು ಮುಗಿಸುವುದೇ ಇಲ್ಲ. ‘ಕಲಿಕಾ ಶೈಲಿ’ಯನ್ನೂ ದಯವಿಟ್ಟು ಬಿಡಿ. ದೃಶ್ಯ, ಶ್ರವಣ, ಚಲನ ಎಂದು ಮಕ್ಕಳನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ ಎಂದು 2008ರಲ್ಲೇ ಮನೋವಿಜ್ಞಾನಿ ಪ್ಯಾಶ್ಲರ್ ಮತ್ತು ಸಂಗಡಿಗರ ವಿಮರ್ಶೆ ತೋರಿಸಿತು. ನಮ್ಮ ತರಬೇತಿಗಳಲ್ಲಿ ಮಾತ್ರ ಅದು ಇನ್ನೂ ಚಾಲ್ತಿಯಲ್ಲಿದೆ.

ಬದಲಿಗೆ ಸಣ್ಣದಾಗಿ ಯೋಚಿಸಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದ ಸಂಗತಿ ಇದು: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ಇದನ್ನು ನಿಮ್ಮ 8ನೇ ತರಗತಿಯ ಎರಡು ವಿಭಾಗಗಳಲ್ಲಿ ನೋಡಬಹುದು. ವಿಭಾಗಕ್ಕೆ 30 ಮಕ್ಕಳು, 6 ವಾರ. ಪಾಠದ ಕೊನೆಯ ಹತ್ತು ನಿಮಿಷ ಎ ವಿಭಾಗಕ್ಕೆ ಮರು ಓದು, ಬಿ ವಿಭಾಗಕ್ಕೆ ಪುಸ್ತಕ ಮುಚ್ಚಿ ಐದು ಪ್ರಶ್ನೆ. ಮುಗಿದು ಒಂದು ವಾರವಾದ ಮೇಲೆ ಇಬ್ಬರಿಗೂ ಒಂದೇ 20 ಅಂಕದ ಪರೀಕ್ಷೆ.

ತಪ್ಪುವುದು ಎಲ್ಲಿ? ಅನೇಕ ಶಾಲೆಗಳಲ್ಲಿ ಅಂಕ ನೋಡಿಯೇ ವಿಭಾಗ ಮಾಡಿರುತ್ತಾರೆ, ಹಾಗಾದರೆ ಹೋಲಿಕೆಯೇ ಹಾಳು. ಪೂರ್ವ ಪರೀಕ್ಷೆ ಮಾಡಿ ಎರಡೂ ವಿಭಾಗ ಹೆಚ್ಚುಕಡಿಮೆ ಸಮ ಇವೆಯೇ ನೋಡಿಕೊಳ್ಳಿ. ಎರಡೂ ಕಡೆ ನೀವೇ ಪಾಠ ಮಾಡಿ. ಉತ್ತರ ಪತ್ರಿಕೆಗೆ ಹೆಸರಿನ ಬದಲು ಕೋಡ್ ಸಂಖ್ಯೆ ಹಾಕಿಸಿ, ಇಲ್ಲದಿದ್ದರೆ ಬಿ ವಿಭಾಗದ ಮೇಲಿನ ನಿಮ್ಮ ಆಸೆ ನಿಮಗೆ ಗೊತ್ತಿಲ್ಲದೆ ಅಂಕವಾಗಿ ಇಳಿಯುತ್ತದೆ. ಊರಿನ ಜಾತ್ರೆ, ಸುಗ್ಗಿಯ ವಾರಗಳನ್ನು ತಪ್ಪಿಸಿ, ಏಕೆಂದರೆ ಆಗ 30ರಲ್ಲಿ 18 ಮಕ್ಕಳು ಬಂದರೆ ಹೆಚ್ಚು. ಪೋಷಕರ ಮತ್ತು ಮುಖ್ಯ ಶಿಕ್ಷಕರ ಲಿಖಿತ ಒಪ್ಪಿಗೆಯನ್ನು ಶುರುವಿನಲ್ಲೇ ಪಡೆಯಿರಿ.

ಆತಂಕ, ಆತ್ಮವಿಶ್ವಾಸ ಅಳೆಯುವ ಇಂಗ್ಲಿಷ್ ಮಾಪನಗಳನ್ನು ಬಳಸುವುದಾದರೆ ಅನುವಾದವೇ ಒಂದು ಪ್ರತ್ಯೇಕ ಕೆಲಸ. ‘ಮನಸ್ಸು ಕುಗ್ಗಿದೆ’ ಎಂಬರ್ಥದ ‘ಐ ಫೀಲ್ ಬ್ಲೂ’ ಎಂಬುದು ‘ನನಗೆ ನೀಲಿ ಅನಿಸುತ್ತದೆ’ ಎಂದಾದರೆ ಮಗು ಏನೆಂದು ಟಿಕ್ ಹಾಕಬೇಕು? ಒಬ್ಬರು ಕನ್ನಡಕ್ಕೆ ತಂದದ್ದನ್ನು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಟಿ ಪರೀಕ್ಷೆ ಇಷ್ಟು ತಿಳಿದರೆ ಇಂಥ ಪ್ರಬಂಧಕ್ಕೆ ಸಾಕು. ಜಾಸ್ಪ್ (JASP) ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಕ್ಸೆಲ್ ಹಾಳೆಯನ್ನು ಸಿಎಸ್‌ವಿ (CSV) ಕಡತವಾಗಿ ಉಳಿಸಿ ಹಾಕಿದರೆ ಲೆಕ್ಕ ಅದೇ ಮಾಡುತ್ತದೆ.

ಆಪ್ತಸಮಾಲೋಚನೆಯ ಪ್ರಶ್ನೆಗೆ: ಎಂ.ಎ. ಎಜುಕೇಷನ್ ಒಂದರಿಂದಲೇ ಅದು ಆಗದು. ಅದಕ್ಕೆ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ನೋಡಿ. ಅದನ್ನು ರೂಪಿಸಿರುವುದೇ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು, ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರ. ಜನವರಿಯಿಂದ 6 ತಿಂಗಳು ಮನೆಯಿಂದಲೇ ಓದು, ಮುಂದಿನ 3 ತಿಂಗಳು ಕೇಂದ್ರದಲ್ಲೇ ಇದ್ದು ಕಲಿಕೆ, ಕೊನೆಯ 3 ತಿಂಗಳು ನಿಮ್ಮ ಊರಿನಲ್ಲೇ ಇಂಟರ್ನ್‌ಶಿಪ್. ಕಷ್ಟ ನಡುವಿನ ಮೂರು ತಿಂಗಳದು, ಜುಲೈಯಿಂದ ಸೆಪ್ಟೆಂಬರ್. ಶಾಲೆ ಭರ್ತಿ ನಡೆಯುವ ಕಾಲ. ಇಲಾಖೆಯ ನಿಯೋಜನೆಯೋ ರಜೆಯೋ ಕೈಯಲ್ಲಿಲ್ಲದೆ ಅರ್ಜಿ ಹಾಕಬೇಡಿ.

ಇದಾದ ಮೇಲೂ ಒಂದು ಗೆರೆ ಉಳಿಯುತ್ತದೆ. ಮಗುವಿಗೆ ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ತೊಡಕು) ಇದೆ ಎಂದು ನೀವು ಬರೆದುಕೊಡುವಂತಿಲ್ಲ. ಎಸೆಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿಗೆ ಅಧಿಕೃತ ವೈದ್ಯಕೀಯ ಪ್ರಮಾಣಪತ್ರವೇ ಬೇಕು. ನಿಮ್ಮ ಕೆಲಸ ಗುರುತಿಸುವುದು, ಪೋಷಕರಿಗೆ ತಿಳಿಹೇಳುವುದು, ಸರಿಯಾದ ಕಡೆ ಕಳಿಸುವುದು.

ವಿದೇಶಿ ಆನ್‌ಲೈನ್ ಪದವಿಯ ಜಾಹೀರಾತುಗಳೂ ನಿಮಗೆ ಕಾಣುತ್ತಿರಬಹುದು. ವಿದೇಶಿ ಪದವಿಗಳ ಸಮಾನತೆಗೆಂದು ಯುಜಿಸಿ 2025ರಲ್ಲಿ ತಂದ ನಿಯಮ ಇರುವುದು ತರಗತಿಯಲ್ಲಿ ಕುಳಿತು ಓದಿದ ಪದವಿಗಳಿಗೆ. ಆನ್‌ಲೈನ್ ಪದವಿಯನ್ನು ಇಲ್ಲಿನ ಸರ್ಕಾರಿ ಕೆಲಸಕ್ಕೆ ತೋರಿಸಲಾಗದು. ಅಮೆರಿಕದಲ್ಲಿರುವ ಕನ್ನಡಿಗರೂ ಇದೇ ಪ್ರಶ್ನೆ ಕೇಳುವುದುಂಟು, ಅವರಿಗೊಂದು ಮಾತು: ಅಲ್ಲಿ ಎಜುಕೇಷನಲ್ ಸೈಕಾಲಜಿಯ ಮಾಸ್ಟರ್ಸ್ ಬೇರೆ, ಸ್ಕೂಲ್ ಸೈಕಾಲಜಿಸ್ಟ್ ಹುದ್ದೆ ಬೇರೆ. ಎರಡನೆಯದಕ್ಕೆ ಅಲ್ಲಿನ ರಾಷ್ಟ್ರೀಯ ಸಂಘದ ಮಾನದಂಡವೇ 60 ಸೆಮಿಸ್ಟರ್ ಗಂಟೆಗಳ (ಅಲ್ಲಿನ ಕ್ರೆಡಿಟ್ ಲೆಕ್ಕ) ಸ್ನಾತಕೋತ್ತರ ಓದು ಮತ್ತು 1200 ಗಂಟೆ ಇಂಟರ್ನ್‌ಶಿಪ್, ಅದರಲ್ಲಿ 600 ಶಾಲೆಯಲ್ಲೇ ಆಗಬೇಕು.

ಎರಡು ವರ್ಷ ಕೊಡುವ ಮುಂಚೆ ಈ ವಿಷಯ ನಿಮಗೆ ಹಿಡಿಸುತ್ತದೆಯೇ ನೋಡಬೇಕೆಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಒಂದು ಕೋರ್ಸು ಮಾಡಿ ನೋಡಿ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನದಾದರೆ ಕಲಿಯಲು ದುಡ್ಡಿಲ್ಲ, ಪರೀಕ್ಷೆಗೆ 1000 ರೂಪಾಯಿ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟಿನ 25ರಲ್ಲಿ 10, ಪರೀಕ್ಷೆಯ 75ರಲ್ಲಿ 30 ಬರಬೇಕು. ಕೋರ್ಸು ಮುಗಿಯುವವರೆಗೆ ವಾರದ ಗಡುವು ತಪ್ಪದೆ ನಿಭಾಯಿಸಿದರೆ ಪೂರ್ವಾನುಮತಿಯ ಅರ್ಜಿಯನ್ನು ಧೈರ್ಯವಾಗಿ ಬರೆಯಿರಿ.