ಸೇಬಿನ ಫ್ರೈಡ್ ಪೈ ಎಣ್ಣೆಯಲ್ಲಿ ಒಡೆಯುತ್ತಿದ್ದರೆ ಅಂಚನ್ನು ಬೈಯಬೇಡಿ, ಹಣ್ಣನ್ನು ನೋಡಿ

ತಾವು ಕರಿದ ಫ್ರೈಡ್ ಪೈ, ಅಂದರೆ ಹಿಟ್ಟಿನ ಹಾಳೆಯಲ್ಲಿ ಹಣ್ಣಿನ ಹೂರಣ ತುಂಬಿ ಮಡಚಿ ಕರಿಯುವ ತಿಂಡಿ, ಒಡೆದದ್ದರ ಫೋಟೊವನ್ನು ಅಟ್ಲಾಂಟಾದಿಂದ ಹಾಕಿದವರಿಗೆ ಈ ಉತ್ತರ. ಗ್ರ್ಯಾನಿ ಸ್ಮಿತ್ ಸೇಬನ್ನು ಹಸಿಯಾಗಿಯೇ ಹೆಚ್ಚಿ, ಸಕ್ಕರೆ, ದಾಲ್ಚಿನ್ನಿ ಕಲೆಸಿ, ಕರ್ಜಿಕಾಯಿ ಅಚ್ಚಿನಲ್ಲಿ ತುಂಬಿ ಸಣ್ಣ ಉರಿಯಲ್ಲಿ ಕರಿದಿದ್ದೀರಿ. ಅರ್ಧಕ್ಕರ್ಧ ಬಾಯಿ ಬಿಟ್ಟಿವೆ. ಪಾಕ ಸೋರಿ ಎಣ್ಣೆ ಕಪ್ಪಾಗಿದೆ. ಉತ್ತರ ಕೊಟ್ಟವರೆಲ್ಲ ಅಂಚು ಗಟ್ಟಿಯಾಗಿ ಒತ್ತಿ, ಮೊಟ್ಟೆ ಸವರಿ, ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ ಅಂದಿದ್ದಾರೆ. ನಾನೂ ಮೊದಮೊದಲು ಹಸಿ ಸೇಬನ್ನೇ ತುಂಬುತ್ತಿದ್ದೆ, ಹಾಗಾಗಿ ನಿಮ್ಮ ಫೋಟೊ ನೋಡಿದ ಕೂಡಲೇ ಗೊತ್ತಾಯಿತು. ಅಂಚು ಎಷ್ಟು ಒತ್ತಿದರೂ ಇದು ನಿಲ್ಲುವುದಿಲ್ಲ.

ಸೇಬಿನಲ್ಲಿ ನೂರಕ್ಕೆ 85ರಷ್ಟು ನೀರು. ಸಕ್ಕರೆ ಬಿದ್ದ ಕೂಡಲೇ ಆ ನೀರು ಹೊರಗೆ ಬರುತ್ತದೆ. ಒಳಗೆ ಮುಚ್ಚಿಟ್ಟ ನೀರು ಎಣ್ಣೆಯ ಬಿಸಿಗೆ ಆವಿಯಾದರೆ ಎಲ್ಲಿ ಹೋಗಬೇಕು? ಅಂಚನ್ನೇ ಬಿಚ್ಚುತ್ತದೆ. ನಮಗೆ ಕರ್ಜಿಕಾಯಿ ಮಾಡಿ ಅಭ್ಯಾಸ. ಅದರ ಒಳಗೆ ಒಣಕೊಬ್ಬರಿ, ಎಳ್ಳು, ಹುರಿಗಡಲೆ, ಸಕ್ಕರೆ. ಎಲ್ಲಾ ಒಣ. ಹಾಗಾಗಿ ಅದು ಸಣ್ಣ ಉರಿಯಲ್ಲಿ ಎಷ್ಟು ಹೊತ್ತು ಕರಿದರೂ ಸುಮ್ಮನೆ ಇರುತ್ತದೆ. ಅದೇ ಕೈ, ಅದೇ ಅಚ್ಚು, ಅದೇ ಉರಿಯನ್ನು ಹಸಿ ಹಣ್ಣಿಗೆ ತಂದರೆ ಆಗುವುದಿಲ್ಲ.

ನಾನಿರುವುದು ಟೆನೆಸಿಯ ಪೂರ್ವ ಭಾಗ, ಅಪಲೇಚಿಯನ್ ಬೆಟ್ಟಗಳ ಕಡೆ. ಇಲ್ಲಿನ ಹಳೇ ಮನೆಗಳಲ್ಲಿ ಫ್ರೈಡ್ ಪೈ ಅಂದರೆ ಒಣಗಿಸಿದ ಸೇಬಿನದ್ದೇ. ಸುಗ್ಗಿಯಲ್ಲಿ ಸೇಬು ಹೆಚ್ಚಿ, ತಗಡಿನ ಚಾವಣಿ ಮೇಲೆ ಬಟ್ಟೆ ಹಾಸಿ ಒಣಗಿಸುತ್ತಿದ್ದರು. ಇಲ್ಲವೇ ದಾರಕ್ಕೆ ಪೋಣಿಸಿ ಒಲೆಯ ಹತ್ತಿರ ನೇತು ಹಾಕುತ್ತಿದ್ದರು. ಚಳಿಗಾಲಕ್ಕೆ ಹಣ್ಣು ಉಳಿಸಿಕೊಳ್ಳುವ ದಾರಿ ಅದು. ಆದರೆ ಪೈ ಒಡೆಯದೆ ಇರುವುದಕ್ಕೂ ಅದೇ ಕಾರಣ. ನೀರು ಮೊದಲೇ ಹೋಗಿದೆ, ರುಚಿ ಮಾತ್ರ ಉಳಿದಿದೆ. ಹಸಿ ಸೇಬನ್ನು ಬೇಯಿಸಿ ಗಟ್ಟಿ ಮಾಡಿದರೂ ಕೆಲಸ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಣ ಸೇಬಿನ ಆ ಗಾಢ ಹುಳಿ‑ಸಿಹಿ ಅದಕ್ಕೆ ಬರುವುದೇ ಇಲ್ಲ. ಒಮ್ಮೆ ಒಣ ಸೇಬಿನದು ತಿಂದರೆ ನಿಮಗೇ ಗೊತ್ತಾಗುತ್ತದೆ.

ಒಣಗಿಸುವುದು ಕಷ್ಟವೇನಲ್ಲ. ಸಿಪ್ಪೆ, ಬೀಜ ತೆಗೆದು ಕಾಲು ಇಂಚು ದಪ್ಪಕ್ಕೆ ಹೆಚ್ಚಿ. ಡಿಹೈಡ್ರೇಟರ್ (ಹಣ್ಣು ಒಣಗಿಸುವ ಯಂತ್ರ) ಇದ್ದರೆ 135 ಡಿಗ್ರಿ ಫ್ಯಾರನ್‌ಹೀಟ್. ಎಂಟು ಗಂಟೆಯಾದ ಮೇಲೆ ನೋಡುತ್ತಾ ಇರಿ. ಅವನ್ ಆದರೆ ಅದರ ಅತಿ ಕಡಿಮೆ ಶಾಖ ಇಟ್ಟು, ಬಾಗಿಲು ಸ್ವಲ್ಪ ತೆರೆದಿಡಿ. ಮಕ್ಕಳಿರುವ ಮನೆಯಲ್ಲಿ ಈ ತೆರೆದ ಬಾಗಿಲಿನ ಮೇಲೆ ಕಣ್ಣಿರಲಿ. ಚೂರನ್ನು ಮಡಚಿದರೆ ಬಾಗಬೇಕು, ಮುರಿಯಬಾರದು. ಹಿಂಡಿದರೆ ತೇವ ಕಾಣಬಾರದು. ಹೊರಗೆ ಬಿಸಿಲಿಗೆ ಇಡುವ ಆಸೆ ಇದ್ದರೆ ಗಾಳಿಯ ತೇವ ನೋಡಿಕೊಳ್ಳಿ. ನಿಮ್ಮ ಜಾರ್ಜಿಯಾದ ಬೇಸಿಗೆಯಲ್ಲಿ ಒಣಗುವುದಕ್ಕಿಂತ ಮೊದಲೇ ಬೂಷ್ಟು ಹಿಡಿಯಬಹುದು. ಹಣ್ಣು ಕಂದು ಬಣ್ಣಕ್ಕೆ ತಿರುಗುತ್ತದೆ. ತಿರುಗಲಿ, ಒಳ್ಳೆ ಹೂರಣದ ಬಣ್ಣವೇ ಅದು. ಸುಮಾರು ಏಳೆಂಟು ಪೌಂಡ್ ಹಸಿ ಸೇಬಿಗೆ ಒಂದು ಪೌಂಡ್ ಒಣ ಸೇಬು ಸಿಗುತ್ತದೆ. ಕಡಿಮೆ ಅಂತ ಬೇಜಾರಾಗಬೇಡಿ, ನೀರಲ್ಲಿ ಬೆಂದಾಗ ಚೆನ್ನಾಗಿ ಊದುತ್ತದೆ.

ಅಂಗಡಿಯ ಒಣ ಸೇಬು ತರುತ್ತೀರಾದರೆ ಪ್ಯಾಕೆಟ್ ಹಿಂದೆ ಓದಿ. ಬೆಳ್ಳಗೆ ಹೊಳೆಯುವುದರಲ್ಲಿ ಸಲ್ಫರ್ ಡೈಆಕ್ಸೈಡ್ ಇರುತ್ತದೆ. ಆಸ್ತಮಾ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ. ಕುರುಕಲು ಆ್ಯಪಲ್ ಚಿಪ್ಸ್ ಮಾತ್ರ ತರಬೇಡಿ, ಅದು ಬೇರೆ. ಡಬ್ಬಿಯ ಪೈ ಫಿಲ್ಲಿಂಗ್ ಅಂತೂ ಬೇಡವೇ ಬೇಡ. ಅದು ಪಿಷ್ಟ ಹಾಕಿ ಗಟ್ಟಿ ಮಾಡಿದ ಸಕ್ಕರೆ ಪಾಕ. ಎಣ್ಣೆಯ ಬಿಸಿಗೆ ಸಡಿಲವಾಗಿ ಸಂದಿಯಲ್ಲಿ ಹೊರಗೆ ಬರುತ್ತದೆ. ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ ಅಂದವರಿಗೂ ಇದೇ ಮಾತು. ಪಿಷ್ಟ ನೀರನ್ನು ಹಿಡಿದಿಡುತ್ತದೆ, ಓಡಿಸುವುದಿಲ್ಲ. ನಮಗೆ ಬೇಕಾದ್ದು ನೀರು ಓಡಿಸುವುದು.

ಅರ್ಧ ಪೌಂಡ್ ಒಣ ಸೇಬಿಗೆ ಮೂರು ಕಪ್ ನೀರು. ಸ್ವಲ್ಪ ಹೊತ್ತು ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಮುಚ್ಚಳ ಬೇಡ. ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಹಣ್ಣು ಪೂರ್ತಿ ಮೆತ್ತಗಾದ ಮೇಲೆಯೇ ಅರ್ಧ ಕಪ್ ಸಕ್ಕರೆ. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಸಕ್ಕರೆ ಮೊದಲೇ ಬಿದ್ದರೆ ಹಣ್ಣು ಗಟ್ಟಿಯಾಗಿಯೇ ಉಳಿದುಬಿಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಚೂರು ಚೂರು. ಮೆತ್ತಗಾದ ಹಣ್ಣನ್ನು ಫೋರ್ಕ್‌ನಲ್ಲಿ ಹಿಸುಕಿ. ಮಿಕ್ಸಿಗೆ ಹಾಕಬೇಡಿ, ಸ್ವಲ್ಪ ತರಿ ಇರಲಿ. ದಾಲ್ಚಿನ್ನಿ, ಚಿಟಿಕೆ ಉಪ್ಪು, ನಿಂಬೆರಸ. ಏಲಕ್ಕಿ ಹಾಕಬೇಕು ಅನಿಸಿದರೆ ಹಾಕಿ, ಆದರೆ ದಾಲ್ಚಿನ್ನಿ ಜೊತೆ ಬೇಡ. ಎರಡೂ ಸೇರಿದರೆ ಸೇಬು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಹದ ಯಾವಾಗ ಬಂತು? ಹೋಳಿಗೆ ಹೂರಣದ ಹಾಗೆ ಉಂಡೆ ಕಟ್ಟಲು ಬರಬೇಕು. ಚಮಚ ಎಳೆದರೆ ಪಾತ್ರೆಯ ತಳ ಕಾಣಬೇಕು, ಎಳೆದ ದಾರಿ ಮತ್ತೆ ಮುಚ್ಚಬಾರದು. ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬಿಸಿ ಹೂರಣ ತುಂಬುವುದು ಇನ್ನೊಂದು ದೊಡ್ಡ ತಪ್ಪು. ಹಿಟ್ಟಿನಲ್ಲಿರುವ ಕೊಬ್ಬು ಅಲ್ಲೇ ಕರಗಿ ಅಂಚು ಹಿಡಿಯುವುದಿಲ್ಲ.

ಈಗ ಹಿಟ್ಟು. ನೀವು ಚಿರೋಟಿ ರವೆ ಸೇರಿಸಿ, ಬಿಸಿ ಎಣ್ಣೆ ಹಾಕಿ, ಚೆನ್ನಾಗಿ ನಾದಿದ್ದೀರಿ. ಕರ್ಜಿಕಾಯಿಗೆ ಅದು ಸರಿ. ಇಲ್ಲಿ ನಾದಲೇಬಾರದು. ಎರಡೂವರೆ ಕಪ್ ಮೈದಾ, ಅರ್ಧ ಟೀ ಚಮಚ ಉಪ್ಪು, ಅರ್ಧ ಕಪ್ ತಣ್ಣನೆಯ ಕೊಬ್ಬು. ಬೆರಳ ತುದಿಯಲ್ಲಿ ಉಜ್ಜಿ ಪುಡಿ ಪುಡಿ ಮಾಡಿ. ತಣ್ಣನೆಯ ಮಜ್ಜಿಗೆ ಮುಕ್ಕಾಲು ಕಪ್ ಇಟ್ಟುಕೊಂಡು, ಹಿಟ್ಟು ಕೂಡುವಷ್ಟು ಮಾತ್ರ ಹಾಕಿ. ಇಲ್ಲಿನ ಅಂಗಡಿಯ ಬಟರ್‌ಮಿಲ್ಕ್ ದಪ್ಪ. ಮನೆಯ ಮಜ್ಜಿಗೆ ಹಾಕುವುದಾದರೆ ಕಡಿಮೆ ಸಾಕು. ಕೂಡಿದ ಕೂಡಲೇ ಕೈ ತೆಗೆಯಿರಿ. ಸುತ್ತಿ ಫ್ರಿಜ್‌ನಲ್ಲಿ ಒಂದು ಗಂಟೆ. ಹಿಟ್ಟಿಗೆ ಸಕ್ಕರೆ ಬೇಡ, ಹೂರಣ ಬಿಸಿಯಾಗುವ ಮೊದಲೇ ಮೇಲೆ ಕಂದಿಬಿಡುತ್ತದೆ.

ಹಿಟ್ಟಿನ ಬ್ರ್ಯಾಂಡ್ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ವೈಟ್ ಲಿಲಿ. 1883ರಲ್ಲಿ ನಮ್ಮ ನಾಕ್ಸ್‌ವಿಲ್‌ನಲ್ಲೇ ಶುರುವಾದದ್ದು. 2008ರಲ್ಲಿ ಇಲ್ಲಿನ ಗಿರಣಿ ಮುಚ್ಚಿತು, ಹಿಟ್ಟು ಈಗ ಬೇರೆ ಕಡೆಯಿಂದ ಬರುತ್ತದೆ. ಮೆತ್ತನೆಯ ಗೋಧಿ, ಪ್ರೋಟೀನ್ ಕಡಿಮೆ. ಲಟ್ಟಿಸಿದರೆ ಹಿಂದಕ್ಕೆ ಎಳೆಯುವುದಿಲ್ಲ. ಆದರೆ ಸೆಲ್ಫ್ ರೈಸಿಂಗ್ ಚೀಲ ಎತ್ತಿಕೊಳ್ಳಬೇಡಿ, ಅದರಲ್ಲಿ ಬೇಕಿಂಗ್ ಪೌಡರ್ ಇದೆ. ಇಲ್ಲಿ ಕೆಲವರು ಅದನ್ನೇ ಬಳಸುತ್ತಾರೆ, ಪೈನ ಸಿಪ್ಪೆ, ಅಂದರೆ ಹಿಟ್ಟಿನ ಹೊರ ಪದರ, ಮೆತ್ತಗೆ ಉಬ್ಬುತ್ತದೆ. ನನಗದು ಸೇರುವುದಿಲ್ಲ. ಕಿಂಗ್ ಆರ್ಥರ್ ಆಲ್ ಪರ್ಪಸ್‌ನಲ್ಲಿ ಪ್ರೋಟೀನ್ ನೂರಕ್ಕೆ 11.7. ಬ್ರೆಡ್ಡಿಗೆ ಬಹಳ ಒಳ್ಳೆಯದು, ಇದಕ್ಕೆ ಜಾಸ್ತಿಯಾಯಿತು. ಮನೆಯಲ್ಲಿ ಅದೊಂದೇ ಇದ್ದರೆ ಮೂರನೇ ಒಂದು ಭಾಗ ಕೇಕ್ ಫ್ಲೋರ್ ಬೆರೆಸಿ. ಚಪಾತಿ ಹಿಟ್ಟು ಹಾಕಬಹುದಾ ಅಂತ ಒಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ.

ಕೊಬ್ಬಿಗೆ ಇಲ್ಲಿಯವರು ಹಂದಿ ಕೊಬ್ಬು ಹಾಕುತ್ತಿದ್ದರು. 1911ರಲ್ಲಿ ಕ್ರಿಸ್ಕೊ ಅನ್ನುವ ವನಸ್ಪತಿಯಂಥ ಗಟ್ಟಿ ಕೊಬ್ಬು ಬಂದ ಮೇಲೆ ಬಹಳ ಮನೆಗಳು ಅದಕ್ಕೆ ತಿರುಗಿದವು. ನಾನು ಅರ್ಧ ಕ್ರಿಸ್ಕೊ, ಅರ್ಧ ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ತುಪ್ಪ ಹಾಕುತ್ತೇನೆ. ಬೆಣ್ಣೆಯಲ್ಲಿ ನೀರಿದೆ, ತುಪ್ಪದಲ್ಲಿಲ್ಲ. ಪೂರ್ತಿ ತುಪ್ಪವೇ ಹಾಕಿದರೆ ಹಿಟ್ಟು ಪುಡಿಯಾಗಿ ಮಡಚುವಾಗ ಬಿರುಕು ಬಿಡುತ್ತದೆ. ಸಸ್ಯಾಹಾರಿಗಳಿಗೆ ಒಂದು ಮಾತು. ಅಂಗಡಿಯ ಸಿದ್ಧ ಪೈ ಹಾಳೆಗಳಲ್ಲಿ ಕೆಲವಕ್ಕೆ ಲಾರ್ಡ್, ಅಂದರೆ ಹಂದಿ ಕೊಬ್ಬು, ಹಾಕಿರುತ್ತಾರೆ. ಓದದೆ ತರಬೇಡಿ.

ಕರ್ಜಿಕಾಯಿ ಅಚ್ಚು ಪಕ್ಕಕ್ಕಿಡಿ. ಅದು ಅಂಚನ್ನು ತೀರಾ ತೆಳ್ಳಗೆ ಹಿಂಡುತ್ತದೆ, ಹೂರಣ ತುದಿವರೆಗೂ ತಳ್ಳುತ್ತದೆ. ಹಿಟ್ಟು ಲಟ್ಟಿಸಿ, ಸಾಸರ್ ಇಟ್ಟು ಆರು ಇಂಚಿನ ವೃತ್ತ ಕತ್ತರಿಸಿ. ಎರಡು ದೊಡ್ಡ ಚಮಚ ಹೂರಣ, ಅದಕ್ಕಿಂತ ಆಸೆ ಬೇಡ. ಅಂಚಿಗೆ ಅರ್ಧ ಇಂಚು ಬಿಟ್ಟು, ನೀರು ಸವರಿ, ಮಡಚಿ. ಮೊದಲು ಹೂರಣದ ಸುತ್ತ ಒತ್ತಿ ಗಾಳಿ ಹೊರಗೆ ಬಿಡಿ, ಆಮೇಲೆ ಅಂಚು. ಒಳಗೆ ಉಳಿದ ಗಾಳಿಯೂ ಉಬ್ಬಿ ಒಡೆಸುತ್ತದೆ. ಫೋರ್ಕ್‌ನಲ್ಲಿ ಎರಡೂ ಕಡೆಯಿಂದ ಒತ್ತುವುದು ಇಲ್ಲಿಯ ಕ್ರಮ. ನಿಮ್ಮ ಕೈಗೆ ಕರ್ಜಿಕಾಯಿ ಅಂಚು ಜಡೆಯಂತೆ ಮಡಚಲು ಬರುತ್ತದೆ ಅಂದರೆ ಅದನ್ನೇ ಮಾಡಿ, ಫೋರ್ಕ್‌ಗಿಂತ ಅದು ಗಟ್ಟಿ. ಅಜ್ಜಿಯರ ಆ ಕೆಲಸಕ್ಕೆ ಇಲ್ಲಿ ನಿಜವಾದ ಬೆಲೆ ಇದೆ. ಮೇಲೆ ಚುಚ್ಚಬೇಡಿ. ಅವನ್‌ನಲ್ಲಿ ಬೇಯಿಸುವ ಪೈಗೆ ತೂತು ಬೇಕು, ಕರಿಯುವ ಪೈಗೆ ತೂತು ಮಾಡಿದರೆ ಎಣ್ಣೆ ಒಳಗೆ ಹೋಗುತ್ತದೆ. ತುಂಬಿದ ಪೈಗಳನ್ನು ಕರಿಯುವ ಮೊದಲು ಕಾಲು ಗಂಟೆ ಮತ್ತೆ ಫ್ರಿಜ್‌ನಲ್ಲಿಡಿ.

ಕರಿಯಲು ಎರಕದ ಕಬ್ಬಿಣದ ಬಾಣಲೆಯೇ ಆಗಬೇಕು ಅಂತೇನಿಲ್ಲ, ಆದರೆ ಪೈ ಬಿದ್ದಾಗ ಅದರ ಶಾಖ ಬೇಗ ಇಳಿಯುವುದಿಲ್ಲ. ನನ್ನ ಬಾಣಲೆ ಲಾಡ್ಜ್ ಕಂಪನಿಯದು. 1896ರಿಂದ ಟೆನೆಸಿಯಲ್ಲೇ ಮಾಡುತ್ತಿದ್ದಾರೆ. ದುಬಾರಿ ಬ್ರ್ಯಾಂಡ್‌ಗಳ ಅಗತ್ಯ ನನಗೆ ಕಂಡಿಲ್ಲ. ಎಣ್ಣೆ ಅರ್ಧ ಮುಕ್ಕಾಲು ಇಂಚು ಸಾಕು, ಪೂರಿಗೆ ಹಾಕುವಷ್ಟು ಬೇಡ. ಶಾಖ 360 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರ್ ಕೊಳ್ಳಿ, ಅಂದಾಜಿನಲ್ಲಿ ಮಾಡಬೇಡಿ. ಸಣ್ಣ ಉರಿಯಲ್ಲಿ ಕರಿದರೆ ಸಿಪ್ಪೆ ಎಣ್ಣೆ ಕುಡಿಯುತ್ತದೆ, ಹೂರಣಕ್ಕೆ ಕುದಿಯಲು ಸಮಯ ಸಿಗುತ್ತದೆ. ಒಂದು ಸಲಕ್ಕೆ ಎರಡೇ ಪೈ. ಒಂದೊಂದು ಬದಿಗೆ ಎರಡರಿಂದ ಮೂರು ನಿಮಿಷ. ಒಳಗಿನದ್ದು ಆಗಲೇ ಬೆಂದಿದೆ, ಸಿಪ್ಪೆ ಬೆಂದರೆ ಕೆಲಸ ಮುಗಿಯಿತು. ಎಣ್ಣೆಗೆ ಶೇಂಗಾ ಎಣ್ಣೆ ನನ್ನ ಆಯ್ಕೆ. ತಿನ್ನುವವರಲ್ಲಿ ಯಾರಿಗಾದರೂ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ಕ್ಯಾನೋಲಾ ಕಾದಾಗ ನನಗೆ ಮೀನಿನ ವಾಸನೆ ಬರುತ್ತದೆ. ಒಂದು ಪೈ ಸೋರಿದರೆ ಕೂಡಲೇ ತೆಗೆದುಬಿಡಿ, ಸುಟ್ಟ ಸಕ್ಕರೆ ಉಳಿದ ಎಲ್ಲವನ್ನೂ ಕಹಿ ಮಾಡುತ್ತದೆ. ಬಾಣಲೆಗೆ ಹೊಂದುವ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆ ಹೊತ್ತಿಕೊಂಡರೆ ಉರಿ ಆರಿಸಿ ಮುಚ್ಚಬೇಕು, ನೀರು ಹಾಕಬಾರದು.

ತೆಗೆದದ್ದನ್ನು ಪೇಪರ್ ಟವೆಲ್ ಮೇಲೆ ಬಿಡಬೇಡಿ, ಅಡಿ ಮೆತ್ತಗಾಗುತ್ತದೆ. ತಂತಿ ಜಾಲರಿ ಮೇಲೆ ಇಡಿ. ಹತ್ತು ನಿಮಿಷವಾದರೂ ಮಕ್ಕಳ ಕೈಗೆ ಕೊಡಬೇಡಿ. ಹೊರಗೆ ಆರಿದಂತೆ ಕಂಡರೂ ಒಳಗಿನ ಹಣ್ಣು ನಾಲಿಗೆ ಸುಡುತ್ತದೆ.

ಮೆಕ್‌ಡೊನಾಲ್ಡ್ಸ್‌ನ ಹಳೇ ಪೈ ಥರ ಬರಬೇಕು ಅಂದಿದ್ದೀರಿ. 1968ರಲ್ಲಿ ಅಮೆರಿಕದ ತುಂಬಾ ಬಂದದ್ದು ಕರಿದ ಪೈ. 1992ರಲ್ಲಿ ಹೆಚ್ಚಿನ ಕಡೆ ಬೇಯಿಸಿದ್ದಕ್ಕೆ ಬದಲಾಯಿಸಿದರು. ಅದರ ಗುಳ್ಳೆ ಗುಳ್ಳೆ ಸಿಪ್ಪೆ, ಉದ್ದನೆಯ ಆಕಾರ ಬೇರೆ. ಇದು ಅದಲ್ಲ, ಅದಕ್ಕಿಂತ ಒಳ್ಳೆಯದು. ನ್ಯೂ ಆರ್ಲಿಯನ್ಸ್ ಕಡೆಯ ಹಾಗೆ ಮೇಲೆ ಸಕ್ಕರೆ ಗ್ಲೇಜ್ ಬೇಕಿದ್ದರೆ ಪುಡಿ ಸಕ್ಕರೆಗೆ ಸ್ವಲ್ಪ ಹಾಲು ಕಲೆಸಿ, ಪೈ ಬೆಚ್ಚಗಿರುವಾಗ ಸವರಿ. ಬೆಟ್ಟದ ಪೈಗೆ ಅದು ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಏರ್‌ಫ್ರೈಯರ್ ಬಗ್ಗೆ ಕೇಳಿದವರಿಗೆ: ಬೆಣ್ಣೆ ಸವರಿ ಮಾಡಬಹುದು, ತಿನ್ನಲೂ ಚೆನ್ನಾಗಿರುತ್ತದೆ, ಆದರೆ ಅದು ಬೇಯಿಸಿದ ಪೈ. ಅದಕ್ಕೆ ಮೇಲೆ ತೂತು ಮಾಡಿ.

ಮುಂದಿನ ಸಲ ಮಾವಿನದು ಮಾಡುತ್ತೇನೆ ಅಂದಿದ್ದೀರಲ್ಲ, ಹಣ್ಣಿನ ಹೋಳು ಹಾಕಿದರೆ ಇದೇ ಕಥೆ ಆಗುತ್ತದೆ. ಇಂಡಿಯನ್ ಸ್ಟೋರಿನ 850 ಗ್ರಾಂ ಮಾವಿನ ಪಲ್ಪ್ ಡಬ್ಬಿ ತಂದು ಅರ್ಧಕ್ಕಿಂತ ಕಡಿಮೆ ಆಗುವವರೆಗೆ ಕಾಯಿಸಿ. ಹೆಚ್ಚಿನವಕ್ಕೆ ಸಕ್ಕರೆ ಮೊದಲೇ ಬೆರೆಸಿರುತ್ತಾರೆ, ಬೇರೆ ಹಾಕಬೇಡಿ. ಕೈ ಬಿಡದೆ ತಿರುವಿ, ತಳ ಹಿಡಿಯುವುದು ಗೊತ್ತೇ ಆಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ಮಾಂಬಳ, ಅಂದರೆ ಮಾವಿನ ರಸವನ್ನು ಹರಡಿ ಬಿಸಿಲಿಗೆ ಒಣಗಿಸಿದ ಹಾಳೆ. ಕರಾವಳಿ ಕಡೆಯಿಂದ ಯಾರಾದರೂ ತಂದುಕೊಡುವುದಾದರೆ ಬಿಡಲೇಬೇಡಿ. ಚೂರು ಮಾಡಿ ಬಿಸಿ ನೀರಲ್ಲಿ ನೆನೆಸಿ, ಸ್ವಲ್ಪ ನಿಂಬೆರಸ ಹಾಕಿ ಅದೇ ಹೂರಣದ ಹದಕ್ಕೆ ತನ್ನಿ. ಬಿಸಿಲಿಗೆ ಒಣಗಿದ ಹಣ್ಣು ಅದೂ, ಇಲ್ಲಿಯ ಸೇಬಿನ ಕೆಲಸವನ್ನೇ ಮಾಡುತ್ತದೆ. ಒಣ ಪೀಚ್ ಕೂಡ ಹೀಗೆಯೇ, ಹುಳಿ ಇರುವುದರಿಂದ ನಿಂಬೆ ಬೇಡ.

ದೀಪಾವಳಿಗೆ ಜಾಸ್ತಿ ಮಾಡುವವರು ಹೂರಣ ನಾಲ್ಕು ದಿನ ಮೊದಲೇ ಮಾಡಿ ಫ್ರಿಜ್‌ನಲ್ಲಿಡಿ. ತುಂಬಿದ ಪೈ ಫ್ರೀಜರ್‌ನಲ್ಲಿಟ್ಟರೆ ಕರಿಯುವ ಮೊದಲು ಮೇಲಿನ ಹಿಮ ಒರೆಸಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ. ಕರಿದದ್ದು ಉಳಿದರೆ ಮೈಕ್ರೊವೇವ್ ಬೇಡ, 350 ಡಿಗ್ರಿ ಫ್ಯಾರನ್‌ಹೀಟ್ ಅವನ್‌ನಲ್ಲಿ ಎಂಟು ಹತ್ತು ನಿಮಿಷ. ಹೂರಣವೇ ಉಳಿದರೆ ಇಲ್ಲಿಯ ಸ್ಟ್ಯಾಕ್ ಕೇಕ್ ಮಾಡಿ. ಬಿಸ್ಕತ್ತಿನಂಥ ತೆಳ್ಳನೆ ಪದರಗಳ ನಡುವೆ ಇದೇ ಸೇಬಿನ ಹೂರಣ ಹಚ್ಚಿ, ಮುಚ್ಚಿ ಎರಡು ದಿನ ಬಿಡಬೇಕು. ಗಟ್ಟಿ ಪದರ ಆಮೇಲೆ ಮೆತ್ತಗಾಗುತ್ತದೆ, ಅಲ್ಲಿಯವರೆಗೆ ಕತ್ತರಿಸಬೇಡಿ.