ಅರ್ಥದ ಜೊತೆಗೆ ಸಂದರ್ಭವೂ ಬೇಕು

ವಿರಾಜಪೇಟೆಯ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಗಾದೆ, ನುಡಿಗಟ್ಟು, ಕೋರ್ಟಿನ ಲ್ಯಾಟಿನ್ ಮಾತುಗಳನ್ನು ಅರ್ಥಸಹಿತ ಪಟ್ಟಿಮಾಡಿ ಪ್ರಕಟಿಸಬಾರದೇ?”

ಸಂಪಾದಕರ ಉತ್ತರ:

ಖಂಡಿತ ಪ್ರಕಟಿಸುತ್ತೇವೆ. ಆದರೆ ಎಡಕ್ಕೆ ಮಾತು, ಬಲಕ್ಕೆ ಅರ್ಥ ಎಂಬ ಬರೀ ಪಟ್ಟಿಯಾಗಿ ಅಲ್ಲ. ಗಾದೆಯನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು ಬಿಟ್ಟುಹೋದರೆ ಅದರ ಅರ್ಧ ಅರ್ಥವೇ ಹೋಯಿತು.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದನ್ನೇ ನೋಡಿ. ನಾಟಿ ಗದ್ದೆಗಿಳಿಯಲು ಹಿಂಜರಿಯುವ ಮೊಮ್ಮಗನಿಗೆ, ತಾನೂ ಮೊಣಕಾಲುದ್ದ ಕೆಸರಿನಲ್ಲಿ ನಿಂತ ಅಜ್ಜ ಹೇಳಿದರೆ ಅದು ಹುರುಪಿನ ಮಾತು. ಕೂಲಿ ಬಾಕಿ ಉಳಿಸಿಕೊಂಡ ತೋಟದ ಮಾಲೀಕ ಲೈನ್‌ಮನೆಯವರಿಗೆ ಅದನ್ನೇ ಹೇಳಿದರೆ ಗಾಯದ ಮೇಲೆ ಬರೆ ಎಳೆದ ಹಾಗೆ. ‘ಶ್ರಮಕ್ಕೆ ಫಲವುಂಟು’ ಎಂದು ಬಾಯಿಪಾಠ ಮಾಡಿದ ಹುಡುಗಿಗೆ ಈ ಎರಡನೆಯದು ತಿಳಿಯುವುದು ಹೇಗೆ? ನುಡಿಗಟ್ಟಿನ ಮಾತೂ ಇದೇ. ‘ಎಳ್ಳುನೀರು ಬಿಡು’ ಎಂಬುದು ತೀರಿಕೊಂಡವರಿಗೆ ಕೊಡುವ ತರ್ಪಣದಿಂದ ಬಂದದ್ದು. ಬೆಳಗಿನ ವಾಕಿಂಗ್ ನಿಲ್ಲಿಸಿದ್ದಕ್ಕೆಲ್ಲ ಅದನ್ನು ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಲ್ಯಾಟಿನ್ ಮಾತುಗಳ ಬಗೆ ಬೇರೆ. ಅವು ಕಾನೂನಿನ ಕೆಲಸಕ್ಕಿರುವ ಮಾತುಗಳು, ಹಾಗಾಗಿ ಏನು ಮಾಡುತ್ತವೆ ಎಂದು ಕೇಳಬೇಕು. ‘ಹೇಬಿಯಸ್ ಕಾರ್ಪಸ್’ ಎಂದರೆ ‘ದೇಹವನ್ನು ಹಾಜರುಪಡಿಸು’ ಎಂದಷ್ಟೇ ಬರೆದರೆ ಮಗಳು ಏನು ತಿಳಿದಾಳು? ಬಂಧನದಲ್ಲಿಟ್ಟವರು ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ತಂದು, ಬಂಧನಕ್ಕೆ ಕಾನೂನಿನ ಆಧಾರ ತೋರಿಸಬೇಕು. ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೂ 226ನೇ ವಿಧಿಯಡಿ ಹೈಕೋರ್ಟಿಗೂ ಈ ರಿಟ್, ಅಂದರೆ ಕೋರ್ಟಿನ ಆಜ್ಞೆ, ಹೊರಡಿಸುವ ಅಧಿಕಾರವಿದೆ. ಇದು ಪರೀಕ್ಷೆಗೂ ಬೇಕು, ಬದುಕಿಗೂ ಬೇಕು.

ಆಸ್ತಿ ವ್ಯಾಜ್ಯವಿರುವ ಮನೆಗಳಲ್ಲಿ ‘ಕೇವಿಯಟ್’, ‘ಸ್ಟೇಟಸ್ ಕೋ’ ದಿನವೂ ಕೇಳಿಬರುತ್ತವೆ. ಎದುರಾಳಿ ತಮಗೆ ತಿಳಿಯದಂತೆ ಆದೇಶ ತಂದಾನೆಂಬ ಅಳುಕಿದ್ದವರು ‘ನಮ್ಮನ್ನೂ ಕೇಳಿ’ ಎಂದು ಮೊದಲೇ ಹಾಕುವ ಅರ್ಜಿ ಕೇವಿಯಟ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಮಿನಂತೆ ಅದರ ಆಯುಸ್ಸು 90 ದಿನ. ಆಮೇಲೆ ಹೊಸದು ಹಾಕಬೇಕು. ‘ಸ್ಟೇಟಸ್ ಕೋ’ ಅಂದರೆ ಯಥಾಸ್ಥಿತಿ. ಆದೇಶ ಸಿಕ್ಕಿತೆಂದು ಗೆದ್ದವರಂತೆ ಬೀಗುವವರಿದ್ದಾರೆ. ಇಬ್ಬರೂ ಯಥಾಸ್ಥಿತಿ ಕಾಪಾಡಬೇಕೆಂದು ಆದೇಶವಿದ್ದರೆ ಅದು ಅರ್ಜಿ ಹಾಕಿದವರ ಕೈಯನ್ನೂ ಕಟ್ಟುತ್ತದೆ.

1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ‘ಪಟ್ಟೋಲೆ ಪಳಮೆ’ ಎಂಬ ಪುಸ್ತಕದಲ್ಲಿ ಕೊಟ್ಟಾಗ ಹಾಡಿನ ಜೊತೆ ಆಚರಣೆಯನ್ನೂ ವಿವರಿಸಿದರು. ನಮ್ಮ ಅಂಕಣಕ್ಕೂ ಅದೇ ದಾರಿ ಬೇಕು. ನೀವೇ ಮೊದಲು ಕಳಿಸಿ: ನಿಮ್ಮ ಮನೆಯ ಗಾದೆ ಕನ್ನಡದ್ದಿರಲಿ, ಕೊಡವ ತಕ್ಕ್‌ನದ್ದಿರಲಿ, ಅರೆಭಾಷೆಯದ್ದಿರಲಿ, ಹೇಳಿದವರು ಯಾರು, ಆಗ ಏನು ನಡೆದಿತ್ತು ಎಂಬುದನ್ನೂ ಜೊತೆಗೆ ಬರೆಯಿರಿ.