ನಡೆದದ್ದಕ್ಕೆ ಒಗ್ಗರಣಿ-ಮಿರ್ಚಿ ಕೂಲಿಯೇ?

ಪತ್ರ: ದಿನಾ ಮುಂಜಾನೆ ಒಂದು ತಾಸು ಬಿರುಸಾಗಿ ವಾಕಿಂಗ್ ಮಾಡುತ್ತೇನೆ. ಸ್ವಲ್ಪ ಬಿಪಿ ಇದೆ. ಇಷ್ಟು ನಡೆದ ಮೇಲೂ ಒಗ್ಗರಣಿ-ಮಿರ್ಚಿ (ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ) ಮುಟ್ಟಬಾರದೆಂದು ಸೊಸೆಯ ತಕರಾರು. ಹೃದಯಕ್ಕೆ ನಡಿಗೆಯೊಂದೇ ಸಾಲದೇ?
— ನಿವೃತ್ತ ಶಿಕ್ಷಕ, ಸಿಂಧನೂರು

ಸಂಪಾದಕರ ಉತ್ತರ: ಮಾಸ್ತರೇ, ತೀರ್ಪು ಸೊಸೆಯ ಕಡೆಗೇ.

ನಡಿಗೆಗೆ ಸಲ್ಲಬೇಕಾದ ಮರ್ಯಾದೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಲೆಕ್ಕ ತೆಗೆದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ನೀವು 420 ನಡೆಯುತ್ತೀರಿ. ಶಹಬ್ಬಾಸ್.

ಈಗ ತಟ್ಟೆಗೆ ಬನ್ನಿ. ಒಂದು ತಾಸಿನ ನಡಿಗೆಗೆ ಕರಗುವುದು ಸುಮಾರು 250–300 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಇದೆ. ಕಡಲೆಹಿಟ್ಟು ಎಷ್ಟು ಎಣ್ಣೆ ಕುಡಿಯುತ್ತದೆಂದು ಸಿಂಧನೂರಿನವರಿಗೆ ನಾನು ಹೇಳಬೇಕೆ? ಬಿಪಿ ಇದ್ದವರಿಗೆ ಉಪ್ಪಿನದೂ ಚಿಂತೆ: ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಎಲ್ಲವೂ ಅದರೊಳಗೇ ಬರಬೇಕು. ನಮ್ಮ ಕಡೆಯ ವಾಕಿಂಗ್ ಗುಂಪುಗಳೋ, ಮೈದಾನಕ್ಕೆ ನಾಲ್ಕು ಸುತ್ತು ಹಾಕಿ ಬಂಡಿ ಮುಂದೆ ಅರ್ಧ ತಾಸು ನಿಲ್ಲುತ್ತವೆ!

ನನ್ನ ಪಕ್ಷಪಾತ ಹಳೆಯ ಓದುಗರಿಗೆ ಗೊತ್ತು: ಬಿಳಿಜೋಳ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಅದು 3ನ್ನೂ ಮುಟ್ಟದು. ಹಂಚಿನ ಮೇಲಿನ ರೊಟ್ಟಿಗೆ ಎಣ್ಣೆ ಬೇಡ, ನೀರು ಸವರಿದರೆ ಸಾಕು. ಜೊತೆಗೆ ಪುಂಡಿಪಲ್ಯ, ಮಡಿಕೆಕಾಳು, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಜಗತ್ತೆಲ್ಲ ಹೊಗಳುವ ಮೆಡಿಟರೇನಿಯನ್ ಊಟದಲ್ಲೂ ಕಾಳು, ಸೊಪ್ಪು, ಇಡಿಧಾನ್ಯಗಳೇ ಮುಂದೆ. ನಮ್ಮ ಬುತ್ತಿಯಲ್ಲಿ ಇಲ್ಲದ್ದು ಆಲಿವ್ ಎಣ್ಣೆ, ಮೀನು. ಆ ಬುತ್ತಿ ಕಟ್ಟಿಕೊಂಡು ಎರೆಹೊಲಕ್ಕೆ ನಡೆದು ಹೋಗಿ, ಸಂಜೆವರೆಗೆ ಕಳೆ ತೆಗೆಯುತ್ತಿದ್ದ ನಮ್ಮ ಅವ್ವಂದಿರಿಗೆ ವ್ಯಾಯಾಮ, ಪಥ್ಯ ಎಂದು ಬೇರೆ ಬೇರೆ ವೇಳಾಪಟ್ಟಿ ಇರಲಿಲ್ಲ.

ಮಾರಿಸ್ ವರದಿ ಬಂದ 1953ರಲ್ಲೇ ತುಂಗಭದ್ರಾ ಅಣೆಕಟ್ಟೂ ಮುಗಿಯಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರಿಗೆ ಭತ್ತ ತಂದಿತು, ದುಡ್ಡು ತಂದಿತು. ಬೇಡವೆನ್ನುವ ಮೂರ್ಖ ನಾನಲ್ಲ. ಆದರೆ ಅನ್ನ ಉಂಡವನೇ ಸಾಹುಕಾರ ಎಂಬ ಎಣಿಕೆಯೂ ಅದರ ಹಿಂದೆಯೇ ಬಂತು. ಈಗ ನೋಡಿ, ಮದುವೆಮನೆಯಲ್ಲಿ ಜೋಳದ ರೊಟ್ಟಿಗೆ ‘ಸ್ಪೆಷಲ್ ಕೌಂಟರ್’, ಪಕ್ಕದಲ್ಲೇ ಗೋಬಿ ಮಂಚೂರಿ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದಾಗ ಕೆಟ್ಟು ಹುಟ್ಟುವ ಅಂಶಗಳು) ಶೇ 25 ದಾಟಿದರೆ ಚೆಲ್ಲಬೇಕೆಂದು 2018ರಿಂದ ನಿಯಮವಿದೆ. ಸಂಜೆಯ ಬಾಣಲೆಯ ಕಪ್ಪು ಕಂಡಿದ್ದೇನೆ, ಅಳೆಯಲು ಬಂದವರನ್ನು ಕಂಡಿಲ್ಲ. ಬಳ್ಳಾರಿಯ ಕಡೆ ಅದಿರು ಲಾರಿಗಳ ಧೂಳು ನುಂಗುತ್ತ ನಡೆಯುವವರ ಪಾಡು ಇನ್ನೊಂದು ಪತ್ರಕ್ಕಿರಲಿ.

ಅಂದಹಾಗೆ, ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಸೊಸೆಯೇ ಇರಬೇಕು. ಅವಳಿಗೂ ಹೃದಯವಿದೆ ಮಾಸ್ತರೇ, ನಡೆಯಲು ಅವಳಿಗೆ ಪುರುಸೊತ್ತು ಸಿಗುತ್ತದೆಯೇ? ನೀವು ಅರ್ಧ ತಾಸು ಕಡಿಮೆ ನಡೆದು ಮನೆಗೆ ಬಂದು ಹಿಟ್ಟು ನಾದಿ, ರೊಟ್ಟಿ ಬಡಿಯಿರಿ. ಅಷ್ಟೊತ್ತು ಅವಳು ನಡೆದು ಬರಲಿ. ಆಗಲೂ ನಿಮ್ಮ ಲೆಕ್ಕಕ್ಕೆ ವಾರಕ್ಕೆ 210 ನಿಮಿಷ ಉಳಿಯುತ್ತದೆ.